ಮನೆಯಲ್ಲಿಯೇ ಕಟ್ಟಬಹುದಾದ ಶ್ರುತಿಪೆಟ್ಟಿಗೆ

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಕರೆಯುವುದು ನಮ್ಮ ಸಂಗೀತಗಾರರಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ವಚನಗಾಯನವಿರಲಿ, ದೇವರನಾಮವಿರಲಿ, ರಾಗದ ವಿಸ್ತಾರವಿರಲಿ, ಹಾಡುವವರ ಬೆನ್ನಿಗೆ ಸ್ಥಿರವಾದ ಒಂದು ನಾದವಿಲ್ಲದಿದ್ದರೆ ಕಂಠವು ತನಗೇ ತಿಳಿಯದಂತೆ ಏರುತ್ತಲೋ ಇಳಿಯುತ್ತಲೋ ಹೋಗುತ್ತದೆ. ಆ ಆಧಾರವನ್ನು ಮೊದಲು ತಂಬೂರಿಯು ಒದಗಿಸುತ್ತಿತ್ತು. ಬಳಿಕ ತಿದಿಯೊತ್ತುವ ಶ್ರುತಿಪೆಟ್ಟಿಗೆ ಬಂದಿತು. 1970ರ ದಶಕದ ಕೊನೆಯ ವೇಳೆಗೆ, ಇಂಜಿನಿಯರರೂ ಕೊಳಲುವಾದಕರೂ ಆದ ಬೆಂಗಳೂರಿನ ಜಿ. ರಾಜನಾರಾಯಣ್ ಅವರು ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಇಂದಂತೂ ಮೊಬೈಲ್ ಫೋನಿನಲ್ಲಿಯೇ ತಂಬೂರಿಯ ನಾದ ದೊರೆಯುತ್ತದೆ.

ಹೀಗಿರುವಾಗ ಶ್ರುತಿಪೆಟ್ಟಿಗೆಯನ್ನು ಮನೆಯಲ್ಲಿ ಕಟ್ಟುವ ಶ್ರಮವೇಕೆ ಎಂಬ ಪ್ರಶ್ನೆ ಸಹಜವೇ. ನಾದ ಮಾತ್ರ ಬೇಕಾಗಿದ್ದರೆ ಈ ಶ್ರಮ ಬೇಡ. ಆದರೆ ಸಂಗೀತ ಕಲಿಯುವ ಮಗುವಿಗೆ ಬೇಕಾದುದು ನಾದದೊಡನೆ ಅದನ್ನು ತೂಗಿ ನೋಡುವ ಕಿವಿಯೂ ಹೌದು. ಗುಂಡಿ ಒತ್ತಿದೊಡನೆ ಬರುವ ಶ್ರುತಿಯನ್ನು ಮಗುವು ಸರಿಯೆಂದು ನಂಬಿಬಿಡುತ್ತದೆ. ತಾನೇ ಸಂಖ್ಯೆಯಿಟ್ಟು ಹುಟ್ಟಿಸಿದ ಶ್ರುತಿಯನ್ನಾದರೋ ಸರಿಯೇ ಎಂದು ಕೇಳಿ ಪರೀಕ್ಷಿಸುತ್ತದೆ. ಈ ಲೇಖನದ ಉದ್ದೇಶ ಅಷ್ಟೇ. ಬೇಕಾದ ಖರ್ಚು ಅಲ್ಪ. ಬೇಕಾದ ವಿದ್ಯೆ ಹೈಸ್ಕೂಲಿನ ಗಣಿತ. ಬೇಕಾದ ಗುಣ ತಾಳ್ಮೆ.

ಶ್ರುತಿಯ ಹಿಂದಿನ ಲೆಕ್ಕ

ನಾದವೆಂದರೆ ಗಾಳಿಯ ಕಂಪನ. ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಯೋ ಆ ಸಂಖ್ಯೆಯನ್ನು ಹರ್ಟ್ಸ್ ಎಂದು ಎಣಿಸುತ್ತಾರೆ. ಷಡ್ಜವನ್ನು 220 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ತಾರಷಡ್ಜವು ಅದರ ಎರಡರಷ್ಟು, ಎಂದರೆ 440. ಶುದ್ಧ ಪಂಚಮವು ಒಂದೂವರೆಯಷ್ಟು, ಎಂದರೆ 330. ತಂಬೂರಿಯ ಷಡ್ಜ ಪಂಚಮಗಳು ಒಂದಾಗಿ ಬೆರೆತಾಗ ಮನಸ್ಸಿಗೆ ಆಗುವ ನೆಮ್ಮದಿಯು ಈ ಮೂರಕ್ಕೆರಡರ ಸರಳ ಪ್ರಮಾಣದಿಂದಲೇ ಹುಟ್ಟುವುದು.

ಇಂದು ಮನೆಮನೆಗಳಲ್ಲಿರುವ ಕೀಬೋರ್ಡ್‌ಗಳಲ್ಲಿಯೂ ಬಹುಪಾಲು ಹಾರ್ಮೋನಿಯಂಗಳಲ್ಲಿಯೂ ಈ ಪ್ರಮಾಣವಿಲ್ಲ. ಅಲ್ಲಿ ಒಂದು ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿರುತ್ತಾರೆ. ಯಾವ ಮನೆಯಿಂದ ಆರಂಭಿಸಿದರೂ ನುಡಿಸಲು ಬರಲಿ ಎಂಬ ಅನುಕೂಲಕ್ಕಾಗಿ ಮಾಡಿದ ಹಂಚಿಕೆಯಿದು. ಆ ಲೆಕ್ಕದಲ್ಲಿ ಪಂಚಮವು 329.63 ಆಗುತ್ತದೆ, ವ್ಯತ್ಯಾಸ ಅತ್ಯಲ್ಪ. ಗಾಂಧಾರದಲ್ಲಿಯೋ ಅದು ಎದ್ದು ಕಾಣುತ್ತದೆ. ಐದಕ್ಕೆ ನಾಲ್ಕರ ಪ್ರಮಾಣದ ಗಾಂಧಾರ 275 ಹರ್ಟ್ಸ್ ಆದರೆ, ಸಮಭಾಗದ ಗಾಂಧಾರ 277.18. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿದಾಗ, ಅದರ ಸ್ವರಗಳು ನಮ್ಮ ಸಂಗೀತದ ಸೂಕ್ಷ್ಮಕ್ಕೆ ಒಗ್ಗವೆಂಬ ವಾದವೂ ಪ್ರಬಲವಾಗಿತ್ತು. ಆ ನಿಷೇಧ 1970ರ ದಶಕದಲ್ಲಿ ಸಡಿಲವಾಯಿತು. ಹಾರ್ಮೋನಿಯಂ ಅನ್ನು ಹೀಗಳೆಯುವುದು ಇಲ್ಲಿಯ ಆಶಯವಲ್ಲ. ಆದರೆ ಎಳೆಯ ಕಿವಿಗೆ ಎರಡರ ಭೇದವೂ ತಿಳಿದಿರುವುದು ಒಳ್ಳೆಯದಲ್ಲವೇ?

ಕಲಾವಿದ್ಯಾರ್ಥಿಗಳಿಗಾಗಿ ಹುಟ್ಟಿದ ಫಲಕ

ಈ ಕೆಲಸದ ಹೃದಯವು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಬಿಲ್ಲೆ. ಗಣಿಸುವ ಶಕ್ತಿ, ನೆನಪು, ಹೊರಗಿನೊಡನೆ ವ್ಯವಹರಿಸುವ ಕಾಲುಗಳು, ಎಲ್ಲವೂ ಆ ಒಂದೇ ಬಿಲ್ಲೆಯಲ್ಲಿ ಅಡಗಿರುತ್ತವೆ. ಬಟ್ಟೆ ಒಗೆಯುವ ಯಂತ್ರದಲ್ಲಿಯೂ ಮೈಕ್ರೋವೇವ್ ಒಲೆಯಲ್ಲಿಯೂ ಇಂಥದೇ ಬಿಲ್ಲೆಯಿದೆ. ಹೊಸಬರಿಗೆ ಅತ್ಯಂತ ಸುಲಭವಾದುದು ಆರ್ಡುಯಿನೋ ಊನೋ ಎಂಬ ಫಲಕ. ಒಂದು ಕಾಲಕ್ಕೆ ಆಲಿವೆಟ್ಟಿ ಬೆರಳಚ್ಚು ಯಂತ್ರಗಳಿಂದ ಹೆಸರಾಗಿದ್ದ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ, ಮಾಸ್ಸಿಮೋ ಬಾಂಜಿ ಮತ್ತು ಸಂಗಡಿಗರು 2005ರಲ್ಲಿ ಆರ್ಡುಯಿನೋ ಫಲಕವನ್ನು ಹೊರತಂದರು. ಅದೇ ಶಾಲೆಯಲ್ಲಿ ಕೊಲಂಬಿಯಾದ ವಿದ್ಯಾರ್ಥಿ ಎರ್ನಾಂಡೋ ಬರಗಾನ್ ಅದಕ್ಕೆ ಮೊದಲೇ ಮಾಡಿದ್ದ ಕೆಲಸ ಇದಕ್ಕೆ ಬುನಾದಿಯಾಯಿತು. ಇಂಜಿನಿಯರಿಂಗ್ ಓದದ ಕಲಾವಿದ್ಯಾರ್ಥಿಗಳೂ ಬಳಸಬೇಕೆಂಬುದೇ ಅವರ ಉದ್ದೇಶ. ನಕ್ಷೆಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುದರಿಂದ ಅದೇ ನಮೂನೆಯ ಫಲಕಗಳು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎಲ್ಲ ಬಿಡಿಭಾಗಗಳೂ ಸಿಕ್ಕುತ್ತವೆ. ದೂರದ ಊರಿನವರು ಅಂಚೆಯಲ್ಲಿ ತರಿಸಿಕೊಳ್ಳಬಹುದು.

ಊನೋ ಫಲಕದೊಡನೆ ಬೇಕಾದ ಸಾಮಗ್ರಿ ಇಷ್ಟು: ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡ್, ಕೆಲವು ಜೋಡುತಂತಿಗಳು, 8 ಓಮ್‌ನ ಸಣ್ಣ ಸ್ಪೀಕರ್, 220 ಮತ್ತು 270 ಓಮ್‌ನ ರೆಸಿಸ್ಟರ್‌ಗಳು, 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, 10 ಕಿಲೋ ಓಮ್‌ನ ವಾಲ್ಯೂಮ್ ತಿರುಗಣೆ, 5 ವೋಲ್ಟಿನಲ್ಲಿ ನಡೆಯುವ ಪುಟ್ಟ ಆಂಪ್ಲಿಫೈಯರ್. ಕಾರ್ಯಕ್ರಮ ಬರೆದು ಫಲಕಕ್ಕೆ ಇಳಿಸಲು ಒಂದು ಕಂಪ್ಯೂಟರ್ ಬೇಕು. ಅದರ ತಂತ್ರಾಂಶ ಉಚಿತ.

ಮೊದಲ ಹೆಜ್ಜೆ: ಒಂದೇ ಷಡ್ಜ

ಫಲಕದ 8ನೆಯ ಕಾಲಿನಿಂದ 220 ಓಮ್‌ನ ರೆಸಿಸ್ಟರ್, ಅಲ್ಲಿಂದ ಸ್ಪೀಕರ್, ಸ್ಪೀಕರಿನ ಇನ್ನೊಂದು ತುದಿ ಗ್ರೌಂಡ್ ಎಂಬ ಕಾಲಿಗೆ. ರೆಸಿಸ್ಟರನ್ನು ಬಿಡಲಾಗದು. ಸ್ಪೀಕರನ್ನು ನೇರವಾಗಿ ಜೋಡಿಸಿದರೆ ಅದು 600 ಮಿಲಿಆಂಪಿಯರಿಗೂ ಮಿಕ್ಕಿ ವಿದ್ಯುತ್ತನ್ನು ಬೇಡುತ್ತದೆ. ಕಾಲು ತಾಳಬಲ್ಲ ಪರಮಾವಧಿ 40. ರೆಸಿಸ್ಟರಿದ್ದರೆ ಅದು 22ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾರ್ಯಕ್ರಮದಲ್ಲಿ ‘ಟೋನ್’ ಎಂಬ ಆಜ್ಞೆಗೆ ಕಾಲಿನ ಸಂಖ್ಯೆ 8, ಕಂಪನದ ಸಂಖ್ಯೆ 220 ಎಂದು ಕೊಟ್ಟರೆ ಸಾಕು, ಷಡ್ಜ ಮೊಳಗುತ್ತದೆ. ದನಿ ಒರಟು, ಏಕೆಂದರೆ ಕಾಲು ಹೊತ್ತುವುದು ಇಲ್ಲವೆ ಆರುವುದು ಎಂಬೆರಡೇ ಸ್ಥಿತಿಗಳಲ್ಲಿ ಜಿಗಿಯುತ್ತಿರುತ್ತದೆ. ಆದರೂ ಮಗುವಿನ ಕೈಯಿಂದ ಹುಟ್ಟಿದ ಮೊದಲ ಸ್ವರವಿದು.

ಎರಡನೆಯ ಹೆಜ್ಜೆ: ಹಾಡುವವರಿಗೆ ಹೊಂದುವ ಶ್ರುತಿ

ತಿರುಗಣೆಯ ನಡುಗಾಲನ್ನು ಫಲಕದ ಎ0 ಎಂಬಲ್ಲಿಗೂ ಉಳಿದೆರಡನ್ನು 5 ವೋಲ್ಟ್ ಮತ್ತು ಗ್ರೌಂಡಿಗೂ ಸೇರಿಸಿರಿ. ಫಲಕವು ತಿರುಗಣೆಯ ಸ್ಥಾನವನ್ನು 0 ಯಿಂದ 1023ರವರೆಗಿನ ಸಂಖ್ಯೆಯಾಗಿ ಓದುತ್ತದೆ. ಆ ಸಂಖ್ಯೆಯನ್ನು 110ರಿಂದ 260 ಹರ್ಟ್ಸಿಗೆ ಹೊಂದಿಸಿದರೆ ಬಹುಪಾಲು ಗಂಡಸರ, ಹೆಂಗಸರ, ಮಕ್ಕಳ ಷಡ್ಜಗಳು ಅದರೊಳಗೆ ಬರುತ್ತವೆ. ಅಜ್ಜನಿಗೆ ತಗ್ಗಿದ ಶ್ರುತಿ, ಮೊಮ್ಮಗಳಿಗೆ ಏರಿದ ಶ್ರುತಿ. ಯಂತ್ರಕ್ಕೆ ಕಂಠವನ್ನು ಬಗ್ಗಿಸಬೇಕಾಗಿಲ್ಲ. ಓದಿಕೆಯು ಒಂದೆರಡು ಅಂಕಿಗಳಷ್ಟು ಕದಲಿ ಸ್ವರ ನಡುಗುವುದುಂಟು. ಹತ್ತಾರು ಓದಿಕೆಗಳ ಸರಾಸರಿಯನ್ನು ತೆಗೆದುಕೊಂಡರೆ ನಡುಕ ತಗ್ಗುತ್ತದೆ.

ಮೂರನೆಯ ಹೆಜ್ಜೆ: ಪಂಚಮ ಸೇರಿದಾಗ

‘ಟೋನ್’ ಆಜ್ಞೆಯಿಂದ ಊನೋದಲ್ಲಿ ಏಕಕಾಲಕ್ಕೆ ಒಂದೇ ಸ್ವರ ಸಾಧ್ಯ. ಷಡ್ಜ ಪಂಚಮಗಳೆರಡೂ ಬೇಕೆಂದರೆ ಬೇರೆ ದಾರಿ ಹಿಡಿಯಬೇಕು. ಅಲೆಯೊಂದರ ಏರಿಳಿತವನ್ನು ಅಂಕಿಗಳ ಪಟ್ಟಿಯಾಗಿ ಬರೆದಿಟ್ಟು, ಬಿಲ್ಲೆಯು ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಓದುತ್ತಾ ಹೋಗುವುದೇ ಆ ದಾರಿ. ನಿಧಾನವಾಗಿ ಓದಿದರೆ ಷಡ್ಜ. ಅದೇ ಪಟ್ಟಿಯನ್ನು ಒಂದೂವರೆಯಷ್ಟು ವೇಗದಲ್ಲಿ ಓದಿದರೆ ಪಂಚಮ. ಎರಡನ್ನೂ ಕೂಡಿಸಿ ಹೊರಗೆ ಕಳುಹಿಸುತ್ತದೆ. ಟಿಮ್ ಬರಾಸ್ ಎಂಬವರು ರಚಿಸಿ ಎಲ್ಲರಿಗೂ ಉಚಿತವಾಗಿ ಬಿಟ್ಟಿರುವ ‘ಮೊಜ್ಜಿ’ ಎಂಬ ತಂತ್ರಾಂಶ ಭಂಡಾರವು ಈ ಭಾರವನ್ನು ಹೊರುತ್ತದೆ. ನಾವು ಎರಡು ಸ್ವರಗಳ ಸಂಖ್ಯೆಗಳನ್ನು ಹೇಳಿದರಾಯಿತು.

ಊನೋದಲ್ಲಿ ಮೊಜ್ಜಿಯ ನಾದವು 9ನೆಯ ಕಾಲಿನಿಂದ ಹೊರಡುತ್ತದೆ. ಅಲ್ಲಿಗೆ 270 ಓಮ್‌ನ ರೆಸಿಸ್ಟರ್ ಜೋಡಿಸಿ, ಅದರ ಆಚೆಯ ತುದಿಯಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇಟ್ಟರೆ ಕೀರಲು ಸದ್ದು ಸೋಸಿಹೋಗುತ್ತದೆ. ಸೋಸಿದ ನಾದವನ್ನು ಆಂಪ್ಲಿಫೈಯರಿಗೆ, ಅಲ್ಲಿಂದ ಸ್ಪೀಕರಿಗೆ ಕೊಡಬೇಕು. ಹಿಂದೋಳದಂತೆ ಪಂಚಮವಿಲ್ಲದ ರಾಗ ಹಾಡುವವರು ಒಂದೂವರೆಯ ಬದಲು ನಾಲ್ಕಕ್ಕೆ ಮೂರರ ಪ್ರಮಾಣವಿಟ್ಟರೆ ಮಧ್ಯಮಶ್ರುತಿ ಸಿದ್ಧ.

ಇಲ್ಲೊಂದು ಸ್ವಾರಸ್ಯವಿದೆ. ಈ ಅಗ್ಗದ ಫಲಕದ ಗಡಿಯಾರ ಅಷ್ಟೇನೂ ಕರಾರುವಾಕ್ಕಲ್ಲ. 220 ಎಂದರೆ ಒಂದಿಷ್ಟು ಅತ್ತಿತ್ತ ಇರಬಹುದು. ಆದರೆ ಷಡ್ಜ ಪಂಚಮಗಳೆರಡೂ ಒಂದೇ ಗಡಿಯಾರವನ್ನು ನಂಬಿರುವುದರಿಂದ ಒಂದು ಸರಿದರೆ ಇನ್ನೊಂದೂ ಜೊತೆಯಲ್ಲಿಯೇ ಸರಿಯುತ್ತದೆ. ಅವುಗಳ ನಡುವಣ ಪ್ರಮಾಣ ಕೆಡುವುದಿಲ್ಲ. ಸಂಗೀತಕ್ಕೆ ಮುಖ್ಯವಾದುದು ಆ ಪ್ರಮಾಣವೇ.

ಕಿವಿಗೊಂದು ಪರೀಕ್ಷೆ

ಈಗ ಮನೆಯವರೆಲ್ಲ ಕುಳಿತು ಒಂದು ಪರೀಕ್ಷೆ ಮಾಡಬಹುದು. ಮೊಜ್ಜಿಯಲ್ಲಿ ಗರಗಸದ ಹಲ್ಲಿನಾಕಾರದ ಅಲೆಯನ್ನು ಆರಿಸಿರಿ. ಅದರಲ್ಲಿ ತಂಬೂರಿಯ ತಂತಿಯಲ್ಲಿರುವಂತೆ ಉಪನಾದಗಳು ಧಾರಾಳವಾಗಿವೆ. ಷಡ್ಜ 220, ಪಂಚಮ 330 ಎಂದಿಟ್ಟು ಕೇಳಿರಿ. ನಾದವು ಗಾಳಿಯಿಲ್ಲದೆಡೆಯ ದೀಪದಂತೆ ಅಲುಗದೆ ನಿಲ್ಲುತ್ತದೆ. ಬಳಿಕ ಪಂಚಮವನ್ನು 329.63ಕ್ಕೆ ಬದಲಿಸಿರಿ. ಈಗ ನಾದವು ಮೆಲ್ಲನೆ ಉಬ್ಬಿ ಇಳಿಯುತ್ತದೆ, ಹೆಚ್ಚು ಕಡಿಮೆ ನಾಲ್ಕು ಸೆಕೆಂಡಿಗೆ ಮೂರು ಬಾರಿ. ಷಡ್ಜದ ಮೂರನೆಯ ಉಪನಾದ 660. ಪಂಚಮದ ಎರಡನೆಯದು 659.26. ಇವೆರಡರ ತಿಕ್ಕಾಟವೇ ಆ ಅಲುಗಾಟ. ಗಾಂಧಾರವನ್ನು 275, 277.18 ಎಂದು ಬದಲಿಸಿ ಕೇಳಿದರಂತೂ ಭೇದವನ್ನು ಯಾರೂ ವಿವರಿಸಬೇಕಾಗಿಲ್ಲ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ, ಯಾರೂ ಮೀಟದಿದ್ದರೂ ಗಾಂಧಾರ ಕೇಳಿಬರುತ್ತದೆಂದು ಹಿರಿಯರು ಹೇಳುವ ‘ಸ್ವಯಂಭೂ ಗಾಂಧಾರ’ವೂ ಷಡ್ಜದ ಐದನೆಯ ಉಪನಾದವೇ. ಅರ್ಧ ಗಂಟೆಯ ಈ ಪರೀಕ್ಷೆಯಿಂದ ಮಗುವಿಗೆ ದೊರೆಯುವ ತಿಳಿವಳಿಕೆ, ಬರಿಯ ಉಪನ್ಯಾಸದಿಂದ ದೊರೆಯುವಂಥದಲ್ಲ.

ಕೆಲವು ಎಚ್ಚರಿಕೆಗಳು

ಈ ಪ್ರಯೋಗವು ಕಂಪ್ಯೂಟರಿನ ಯುಎಸ್‌ಬಿ ತಂತಿಯ 5 ವೋಲ್ಟಿನಲ್ಲಿಯೇ ನಡೆಯತಕ್ಕದ್ದು. ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಸಂಬಂಧಿಸಿದ ಯಾವ ಪೆಟ್ಟಿಗೆಯನ್ನೂ ಬಿಚ್ಚಬಾರದು. ತಂತಿ ಬದಲಿಸುವಾಗ ವಿದ್ಯುತ್ತನ್ನು ಕಳಚಿರಬೇಕು. ಕಿವಿಗೆ ಇಯರ್‌ಫೋನ್ ಇಟ್ಟು ಮೊದಲ ಪ್ರಯೋಗ ಮಾಡಬಾರದು. ಮುಂದೆ ಬೆಸುಗೆ ಹಾಕಿ ಮರದ ಪೆಟ್ಟಿಗೆಯಲ್ಲಿ ಕೂರಿಸುವುದಾದರೆ ಹಿರಿಯರೊಬ್ಬರು ಜೊತೆಗಿರಲಿ, ಕಿಟಕಿ ತೆರೆದಿರಲಿ, ಬೆಸುಗೆಯಲ್ಲಿ ಸೀಸವಿರುವುದರಿಂದ ಕೆಲಸ ಮುಗಿದೊಡನೆ ಕೈತೊಳೆಯಬೇಕು.

ಹೀಗೆ ಕಟ್ಟಿದ ಪೆಟ್ಟಿಗೆಯು ತಂಬೂರಿಗೆ ಸಾಟಿಯಲ್ಲ. ಕುದುರೆಯ ಮೇಲೆ ತಂತಿಯಡಿ ಇರಿಸುವ ಒಂದೆಳೆ ದಾರದಿಂದ ಹೊಮ್ಮುವ ಝೇಂಕಾರವನ್ನು ಈ ಬಿಲ್ಲೆಯು ತರಲಾರದು. ಆದರೆ ಇದನ್ನು ಕಟ್ಟಿದ ಹುಡುಗನೋ ಹುಡುಗಿಯೋ ಮುಂದೊಮ್ಮೆ ನಿಜವಾದ ತಂಬೂರಿಯ ಮುಂದೆ ಕುಳಿತಾಗ, ಬಿರಡೆ ತಿರುವುತ್ತಾ ಪಂಚಮವು ಅಲುಗಾಟ ಬಿಟ್ಟು ನಿಲ್ಲುವ ಕ್ಷಣವನ್ನು ತಾನಾಗಿಯೇ ಗುರುತಿಸಬಲ್ಲರು. ರಜಾದಿನಗಳಲ್ಲಿ ಮಕ್ಕಳೊಡನೆ ಕೂಡಿ ಮಾಡಲು ಇದೊಂದು ಯೋಗ್ಯ ಕೆಲಸ. ಪೆಟ್ಟಿಗೆ ಸಿದ್ಧವಾದ ಸಂಜೆ, ಮನೆಯವರೆಲ್ಲ ಅದರ ಶ್ರುತಿಗೆ ದನಿಗೂಡಿಸಿ ಹಾಡಲಿ.