ಆಪ್ತಸಮಾಲೋಚಕರ ಆಘಾತಕ್ಕೆ ಕಚೇರಿಯಲ್ಲೇ ಮದ್ದು

ಲೈಂಗಿಕ ದೌರ್ಜನ್ಯಕ್ಕೆ ತುತ್ತಾದ ಮಕ್ಕಳ ಜೊತೆ ದಿನವೂ ಕೂತು ಮಾತಾಡುವ ಆಪ್ತಸಮಾಲೋಚಕಿಯೊಬ್ಬರು ತಮ್ಮ ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸುವುದನ್ನೇ ನಿಲ್ಲಿಸಿಬಿಡುತ್ತಾರೆ. ಶಾಲಾ ವ್ಯಾನಿನ ಚಾಲಕನನ್ನು ಕಂಡರೂ ಎದೆ ಹೊಡೆದುಕೊಳ್ಳುತ್ತದೆ. ರಾತ್ರಿ ಕಣ್ಣು ಮುಚ್ಚಿದರೆ ತಾವು ಎಂದೂ ಕಾಲಿಡದ ಕೋಣೆಯೊಂದು ಎದುರಿಗೆ ಬಂದು ನಿಲ್ಲುತ್ತದೆ. ಆ ಘಟನೆ ಅವರಿಗೆ ನಡೆದದ್ದಲ್ಲ, ಬೇರೆಯವರಿಗೆ ನಡೆದದ್ದನ್ನು ಕೇಳಿಸಿಕೊಂಡಿದ್ದಾರೆ. ಈ ವೃತ್ತಿಯಲ್ಲಿ ಇದು ಅಪರೂಪದ ಚಿತ್ರವೇನಲ್ಲ.

ಮನೋವಿಜ್ಞಾನಿಗಳು ಇದಕ್ಕೆ ಪರೋಕ್ಷ ಆಘಾತದ ಒತ್ತಡ ಎನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಫಿಗ್ಲಿ ಮೊದಲಾದವರು ಇದರ ಬಗ್ಗೆ ವಿವರವಾಗಿ ಬರೆದರು. 2004ರಲ್ಲಿ ಬ್ರಯಾನ್ ಬ್ರೈಡ್ ಮತ್ತು ಸಂಗಡಿಗರು ಇದನ್ನು ಅಳೆಯಲು 17 ಅಂಶಗಳ ಮಾಪಕವೊಂದನ್ನು ರೂಪಿಸಿದರು. ಬೇಡವೆಂದರೂ ನುಗ್ಗುವ ನೆನಪು, ಆ ವಿಷಯದಿಂದ ತಪ್ಪಿಸಿಕೊಳ್ಳುವ ಹವಣಿಕೆ, ಸದಾ ಕಟ್ಟೆಚ್ಚರದಲ್ಲಿರುವ ಮೈಮನಸ್ಸು, ಇವು ಅದರ ಮೂರು ಮುಖಗಳು. ಕಾರಣ ಊಹಿಸುವುದು ಕಷ್ಟವಲ್ಲ. ಕಣ್ಣಾರೆ ನೋಡುವಾಗ ಚುರುಕಾಗುವ ಮಿದುಳಿನ ಭಾಗಗಳಲ್ಲಿ ಹಲವು, ಕೇಳಿದ್ದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವಾಗಲೂ ಚುರುಕಾಗುತ್ತವೆ. ಎದುರಿಗಿರುವವರ ನೋವನ್ನು ತನ್ನದೆಂಬಂತೆ ಊಹಿಸಿಕೊಳ್ಳಬಲ್ಲವರೇ ಒಳ್ಳೆಯ ಆಪ್ತಸಮಾಲೋಚಕರಾಗುತ್ತಾರೆ. ಪೆಟ್ಟು ತಿನ್ನುವವರೂ ಅವರೇ.

ಇದಕ್ಕೆ ಸಂಸ್ಥೆಗಳು ಸಾಮಾನ್ಯವಾಗಿ ಕೊಡುವ ಉತ್ತರ ಯೋಗ ಶಿಬಿರ, ಧ್ಯಾನದ ಆ್ಯಪ್, ‘ನಿಮ್ಮ ಕಾಳಜಿ ನೀವು ಮಾಡಿಕೊಳ್ಳಿ’ ಎಂಬ ಉಪದೇಶ. ಕೆನಡಾದ ಟೆಡ್ ಬೋಬರ್ ಮತ್ತು ಶೆರಿಲ್ ರೆಗೆರ್ 2006ರಲ್ಲಿ ಈ ನಂಬಿಕೆಯನ್ನೇ ಒರೆಗೆ ಹಚ್ಚಿದರು. ಒಂಟಾರಿಯೊ ಪ್ರಾಂತ್ಯದ 259 ಚಿಕಿತ್ಸಕರನ್ನು ವಿಚಾರಿಸಿದಾಗ, ವಿರಾಮ ಮತ್ತು ಸ್ವಂತ ಆರೈಕೆಯಿಂದ ಉಪಯೋಗವಿದೆ ಎಂದು ಬಹುಪಾಲು ಜನ ನಂಬಿದ್ದರು. ಆದರೆ ಅದಕ್ಕೆ ಹೆಚ್ಚು ಸಮಯ ಕೊಟ್ಟವರಲ್ಲಿ ಆಘಾತದ ಲಕ್ಷಣ ಕಡಿಮೆಯೇನೂ ಇರಲಿಲ್ಲ. ಲಕ್ಷಣಗಳ ತೀವ್ರತೆ ಮುಖ್ಯವಾಗಿ ತಳಕು ಹಾಕಿಕೊಂಡಿದ್ದದ್ದು ವಾರಕ್ಕೆ ಎಷ್ಟು ಗಂಟೆ ಆಘಾತಕ್ಕೊಳಗಾದವರ ಜೊತೆ ಕೆಲಸ ಮಾಡುತ್ತಾರೆ ಎಂಬುದರೊಂದಿಗೆ. ಒಂದೇ ಸಮೀಕ್ಷೆಯಿಂದ ಕಾರ್ಯಕಾರಣ ಸಂಬಂಧ ಸಾಬೀತಾಗುವುದಿಲ್ಲ, ನಿಜ. ಆದರೂ ಬೋಬರ್ ಮತ್ತು ರೆಗೆರ್ ಕೇಳಿದ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ: ಪ್ರಕರಣಗಳನ್ನು ಹಂಚುವುದು ಸಂಸ್ಥೆಯ ಕೈಯಲ್ಲಿರುವಾಗ, ಆಘಾತದ ಹೊಣೆಯನ್ನು ನೊಂದವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಘೋರ ಘಟನೆಯ ಬೆನ್ನಿಗೇ ಸಿಬ್ಬಂದಿಯನ್ನೆಲ್ಲ ಒಮ್ಮೆ ಕೂರಿಸಿ, ಆದದ್ದನ್ನೆಲ್ಲ ಹೇಳಿಸಿಬಿಡುವ ಕಡ್ಡಾಯ ಪದ್ಧತಿಯೂ ಕೆಲವೆಡೆ ಉಂಟು. ಆಘಾತ ಕಂಡವರಿಗೆ ಕೊಡುವ ಇಂಥ ಒಂದೇ ಬಾರಿಯ ಸಭೆ ಮುಂದಿನ ಕಾಯಿಲೆಯನ್ನು ತಡೆಯುವುದಿಲ್ಲ, ಕಡ್ಡಾಯ ಮಾಡುವುದನ್ನು ನಿಲ್ಲಿಸಬೇಕು ಎಂದು, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2002ರ ಪರಾಮರ್ಶೆ ಹೇಳಿತು.

ಹಾಗಾದರೆ ಕೆಲಸಕ್ಕೆ ಬರುವುದೇನು? ಹಿರಿಯರೊಬ್ಬರ ಜೊತೆ ನಿಯಮಿತವಾಗಿ ಕೂತು ಪ್ರಕರಣಗಳ ಬಗ್ಗೆ ಮಾತಾಡುವ ಸೂಪರ್ವಿಷನ್ ಬೇಕು. ಅದು ಕೆಲಸದ ಅವಧಿಯೊಳಗೇ ನಡೆಯಬೇಕು, ನೌಕರರ ಮೌಲ್ಯಮಾಪನ ಮಾಡುವ ಅಧಿಕಾರಿಯೇ ಅದನ್ನು ನಡೆಸಬಾರದು. ತನ್ನ ಕೆಲಸಕ್ಕೆ ಅಂಕ ಕೊಡುವವರ ಮುಂದೆ ‘ನನಗೆ ನಿದ್ದೆ ಬರುತ್ತಿಲ್ಲ’ ಎಂದು ಯಾರು ತಾನೇ ಬಾಯಿಬಿಡುತ್ತಾರೆ? ಒಬ್ಬರಿಗೇ ಬೆನ್ನುಬೆನ್ನಿಗೆ ಅತ್ಯಾಚಾರದ ಪ್ರಕರಣಗಳು ಬೀಳದಂತೆ ಹಗುರ ಪ್ರಕರಣಗಳನ್ನೂ ಬೆರೆಸಿ ಹಂಚಬೇಕು. ತನ್ನ ಸ್ವಂತ ಗಾಯವನ್ನು ಕೆದಕುವ ಪ್ರಕರಣವನ್ನು ಕಾರಣ ಹೇಳದೆ ಸಹೋದ್ಯೋಗಿಗೆ ದಾಟಿಸುವ ಅವಕಾಶ ಇರಬೇಕು.

ಇಷ್ಟನ್ನೂ ಕಾಗದದ ಮೇಲೆ ಬರೆದಿಟ್ಟರೆ ಸಾಲದು ಎಂಬುದಕ್ಕೆ ಆಸ್ಟ್ರೇಲಿಯಾದ ಪ್ರಕರಣವೊಂದಿದೆ. ವಿಕ್ಟೋರಿಯಾ ರಾಜ್ಯದ ಅಭಿಯೋಜನಾ ಕಚೇರಿಯಲ್ಲಿ ಲೈಂಗಿಕ ಅಪರಾಧಗಳನ್ನು ನೋಡಿಕೊಳ್ಳುವ ಘಟಕಕ್ಕೆ ಲಿಖಿತ ಪರೋಕ್ಷ ಆಘಾತ ನೀತಿಯೇ ಇತ್ತು. ಅಲ್ಲಿದ್ದ ವಕೀಲೆಯೊಬ್ಬರು ಮಕ್ಕಳ ಮೇಲಿನ ದೌರ್ಜನ್ಯದ ಕಡತಗಳಲ್ಲೇ ಮುಳುಗಿ ಕಾಯಿಲೆ ಬಿದ್ದರು. ಅವರ ಸ್ಥಿತಿ ವಿಚಾರಿಸಿ ಬೇರೆ ಕೆಲಸಕ್ಕೆ ಬದಲಿಸುವ ಗೋಜಿಗೆ ಕಚೇರಿ ಹೋಗಲಿಲ್ಲ. ಇದು ಉದ್ಯೋಗದಾತರ ನಿರ್ಲಕ್ಷ್ಯ ಎಂದು ಆ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿತು. ಅವರು ವಕೀಲೆ, ಚಿಕಿತ್ಸಕಿಯಲ್ಲ. ಆದರೆ ತೀರ್ಪಿನ ಹಿಂದಿನ ವಾದ ಆಪ್ತಸಮಾಲೋಚಕರ ವಿಷಯದಲ್ಲಿ ಇನ್ನಷ್ಟು ಬಲವಾಗಿ ನಿಲ್ಲುತ್ತದೆ.

ನಮ್ಮಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ತೆರೆದಿರುತ್ತದೆ. ಇಂಥ ಯಾವುದೇ ಸಹಾಯವಾಣಿಯ ಕೆಲಸವನ್ನು ಹತ್ತಿರದಿಂದ ಊಹಿಸಿ ನೋಡಿ. ‘ಮಾತ್ರೆ ಕೈಯಲ್ಲೇ ಇದೆ’ ಎಂದ ಹುಡುಗನ ಕರೆ ನಡುವೆಯೇ ಕಡಿದುಹೋಗುತ್ತದೆ. ಆಮೇಲೆ ಏನಾಯಿತೆಂದು ಕೇಳಿಸಿಕೊಂಡವರಿಗೆ ಗೊತ್ತಾಗುವುದೇ ಇಲ್ಲ. ಮುಂದಿನ ಕರೆ ಬರುವ ಮುಂಚೆ ಹತ್ತು ನಿಮಿಷ ಎದ್ದು ಓಡಾಡಲು ಬಿಡುತ್ತಾರೋ ಇಲ್ಲವೋ ಎಂಬುದು ಪಾಳಿ ಹಾಕುವವರ ತೀರ್ಮಾನ.

ಇಡೀ ಆಪ್ತಸಮಾಲೋಚನಾ ಕೇಂದ್ರಕ್ಕೆ ಒಬ್ಬರೇ ಆಪ್ತಸಮಾಲೋಚಕರು, ಅದೂ ಗುತ್ತಿಗೆಯ ಮೇಲೆ ಇರುವ ಕಡೆ ಪ್ರಕರಣ ಹಂಚುವ ಮಾತೇ ಬರುವುದಿಲ್ಲ. ಅಂಥವರಿಗೆ ಬೇರೆ ಜಿಲ್ಲೆಯ ಹಿರಿಯರೊಬ್ಬರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಾದರೂ ಮಾತಾಡುವ ವ್ಯವಸ್ಥೆ ಆಗಬೇಕು. ಆ ಒಂದು ಗಂಟೆಯನ್ನು ಕೆಲಸದ ಗಂಟೆಯೆಂದೇ ಲೆಕ್ಕ ಹಿಡಿದು, ಆ ಹಿರಿಯರ ಗೌರವಧನಕ್ಕೂ ಆ ಆಪ್ತಸಮಾಲೋಚನಾ ಕೇಂದ್ರದ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕು.