ಮಳೆ ನಕ್ಷತ್ರಗಳ ಆಲ್ಬಮ್

ಮಲೆನಾಡಿನ ಫೋಟೋ ಎಂದರೆ ಎಲ್ಲರ ಕಣ್ಣಿಗೆ ಬರುವುದು ಒಂದೇ: ಮಂಜು ಹೊದ್ದ ಗುಡ್ಡ, ಒಂದು ಜಲಪಾತ, ಆಗುಂಬೆಯ ಸೂರ್ಯಾಸ್ತ. ಕ್ಯಾಲೆಂಡರಿನವರೂ ಹೋಂಸ್ಟೇಯವರೂ ಅದನ್ನೇ ಹಾಕುತ್ತಾರೆ. ಚೆಂದದ ಚಿತ್ರಗಳೇ, ಆದರೆ ಅವುಗಳಲ್ಲಿ ಜನರಿಲ್ಲ. ಗದ್ದೆ ನೆಟ್ಟವರಿಲ್ಲ, ಮರ ಹತ್ತಿದವರಿಲ್ಲ, ಅಡಿಕೆ ಸುಲಿಯಲು ಕೂತವರಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು ನಮ್ಮದು. ಅಡಿಕೆ ತೋಟ ನೋಡಿಕೊಂಡು ಬಿಡುವಾದಾಗ ಕ್ಯಾಮರಾ ಹಿಡಿಯುವವಳು ನಾನು. ಯಾವ ತಿಂಗಳು ಎಂದು ನಮ್ಮ ಗುಡ್ಡ ನೋಡಿ ಹೇಳುವುದು ಕಷ್ಟ; ಅದು ವರ್ಷವಿಡೀ ಹಸಿರು. ಅಂಗಳದಲ್ಲಿ ನಡೆದಿರುವ ಕೆಲಸ ನೋಡಿ, ಥಟ್ಟನೆ ಗೊತ್ತಾಗುತ್ತದೆ.

ಕಂಪ್ಯೂಟರಿನಲ್ಲಿ ನನ್ನ ಮಳೆಗಾಲದ ಫೋಲ್ಡರುಗಳಿಗೆ ಇಂಗ್ಲಿಷ್ ತಿಂಗಳುಗಳ ಹೆಸರಿಲ್ಲ, ಮಳೆ ನಕ್ಷತ್ರಗಳ ಹೆಸರಿದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13–14 ದಿನದ ಮಳೆಯನ್ನು ಆ ನಕ್ಷತ್ರದ ಹೆಸರಿನಿಂದಲೇ ಕರೆಯುವುದು ರೈತರ ರೂಢಿ. ಜೂನ್ ಎರಡನೇ ವಾರದಲ್ಲಿ ಮೃಗಶಿರ, 22ರ ಹೊತ್ತಿಗೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಬೀಜ ಹಾಕುವುದು, ಸಸಿ ಕಿತ್ತು ನೆಡುವುದು, ತೋಟಕ್ಕೆ ಔಷಧಿ ಹೊಡೆಯುವುದು ಎಲ್ಲಕ್ಕೂ ಇದೇ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಬೆಂಗಳೂರಿನ ಸುಮಾರು ಏಳು ಪಟ್ಟು. ಅದರಲ್ಲಿ ಬಹುಪಾಲು ಈ ನಾಲ್ಕೈದು ನಕ್ಷತ್ರಗಳೊಳಗೇ ಸುರಿದು ಮುಗಿಯುತ್ತದೆ.

ಇಷ್ಟು ಮಳೆಯಲ್ಲಿ ಫೋಟೋ ಹೇಗೆ ತೆಗೆಯುತ್ತೀರಿ ಎಂದು ಪೇಟೆಯ ನೆಂಟರು ಕೇಳುತ್ತಾರೆ. ಮಳೆಯಲ್ಲೇ ತೆಗೆಯಬೇಕು. ಮೋಡ ಕವಿದ ದಿನ ನೆರಳಿಲ್ಲದ ಮೆತ್ತನೆಯ ಬೆಳಕು. ಹಸಿರಿನ ಹತ್ತು ಬಗೆ ಆಗಲೇ ಕಾಣುವುದು. ಮಳೆಯ ಗೆರೆಗಳು ಚಿತ್ರದಲ್ಲಿ ಮೂಡಬೇಕಾದರೆ ಹಿಂದೆ ಕಪ್ಪಗಿನದೇನಾದರೂ ಇರಬೇಕು, ಶಟರ್ ವೇಗ 1/60 ಸೆಕೆಂಡಿನ ಸುತ್ತಮುತ್ತ ಇರಬೇಕು. ವೇಗ 1/1000ಕ್ಕೆ ಏರಿಸಿದರೆ ಗೆರೆ ಹೋಗಿ ಹನಿ ನಿಂತುಬಿಡುತ್ತದೆ. ಒದ್ದೆ ಎಲೆಗಳ ಮೇಲಿನ ಬಿಳಿ ಹೊಳಪನ್ನು ಪೋಲರೈಸರ್ ಫಿಲ್ಟರ್ ತೆಗೆಯುತ್ತದೆ. ಮಂಜನ್ನು ಕಂಡರೆ ಕ್ಯಾಮರಾ ಬೆಳಕು ಹೆಚ್ಚಾಯಿತೆಂದು ತಿಳಿದು ಚಿತ್ರವನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ, ಹಾಗಾಗಿ ಎಕ್ಸ್‌ಪೋಷರನ್ನು ನಾವೇ ಒಂದು ಸ್ಟಾಪ್ ಏರಿಸಿಕೊಳ್ಳಬೇಕು. ಕಾಲಿಗೆ ಹತ್ತುವ ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಗಂಟು ಜೇಬಿನಲ್ಲಿರುತ್ತದೆ.

ಲೆನ್ಸಿಗೆ ಮಳೆ ಹನಿಗಿಂತ ದೊಡ್ಡ ವೈರಿ ಮನೆಯೊಳಗಿನ ತೇವ. ಆಷಾಢದಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಲೆನ್ಸಿನ ಗಾಜಿನ ಮೇಲೂ ಜೇಡನ ಬಲೆಯಂಥ ಶಿಲೀಂಧ್ರ ಹಬ್ಬುತ್ತದೆ. ಗಾಳಿಯ ತೇವಾಂಶ ಶೇ. 40–50ರ ಆಸುಪಾಸಿನಲ್ಲಿದ್ದರೆ ಅದು ಬೆಳೆಯದು. ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಕಾರಣ ನಾನು ನಂಬಿರುವುದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್ಲನ್ನು. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು.

ಮಳೆಗಾಲದ ದೊಡ್ಡ ಕೆಲಸ ಕೊಳೆ ರೋಗ ತಡೆಯುವುದು. ಅಡಿಕೆ ಕಾಯಿಗೆ ಕೊಳೆ ಬಂದರೆ ಎಳೆಗಾಯಿಗಳು ಬುಡಕ್ಕೆ ಉದುರಿ ವರ್ಷದ ದುಡಿಮೆ ನೆಲ ಸೇರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ಕೂಡಿಸಿದ ಮೇಲೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಅದರಲ್ಲಿ ಕತ್ತಿಯ ಅಲಗನ್ನು ಅದ್ದಿ ಎತ್ತಿ ನೋಡುತ್ತಾನೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ನೀಲಿ ದ್ರಾವಣ, ಕಪ್ಪು ಅಲಗು, ಅದನ್ನು ಕಣ್ಣ ಹತ್ತಿರ ಹಿಡಿದ ಮುಖ. ಆ ಫೋಟೋ ನನಗೆ ಯಾವ ಜಲಪಾತಕ್ಕಿಂತಲೂ ಮೇಲು. ಮೊದಲ ಸಲ ನಾನು ಕ್ಯಾಮರಾ ಹಿಡಿದು ಮರದ ಬುಡದಲ್ಲಿ ನಿಂತಾಗ ಅವನು ಒಂದೇ ಮಾತು ಹೇಳಿದ್ದ: "ಅಮ್ಮ, ಫೋಟೋ ಬೇಕಾದಷ್ಟು ತೆಗೀರಿ. ಮೇಲೆ ಇದ್ದಾಗ ಮಾತ್ರ ಹೆಸರು ಹಿಡಿದು ಕೂಗಬೇಡಿ."

ಅದೇ ಹೊತ್ತಿಗೆ ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಗಳಲ್ಲಿ ಬಿಳಿ ನೊರೆಯ ಮುದ್ದೆಗಳು ಕಾಣಿಸುತ್ತವೆ. ಮಲಬಾರ್ ಹಾರುವ ಕಪ್ಪೆ ಕಟ್ಟಿದ ಗೂಡುಗಳವು. ಮೊಟ್ಟೆಯೊಡೆದು ಬಂದ ಗೊದಮೊಟ್ಟೆಗಳು ನೊರೆ ಕರಗಿದಂತೆ ನೇರ ಕೆಳಗಿನ ನೀರಿಗೆ ಬೀಳುತ್ತವೆ. ಬೆರಳುಗಳ ನಡುವಿನ ಕೆಂಪು ಜಾಲಪೊರೆ ಚಿತ್ರದಲ್ಲಿ ಬರಲೆಂದು ಕೆಲವರು ಕಪ್ಪೆಯನ್ನು ಹಿಡಿದು ಎಲೆಯ ಮೇಲೆ ಕೂರಿಸುತ್ತಾರೆ. ಅದು ಬೇಡ. ಕಪ್ಪೆಯ ಚರ್ಮ ಉಸಿರಾಡುವ ಚರ್ಮ, ನಮ್ಮ ಕೈಯ ಉಪ್ಪು, ಸಾಬೂನು ಅದಕ್ಕೆ ಒಳ್ಳೆಯದಲ್ಲ. ಮಳೆ ಶುರುವಾಗುವ ಮುಂಚೆ ಮಿನುಗುವ ಮಿಂಚುಹುಳುಗಳಿಗೂ ಫ್ಲ್ಯಾಶ್, ಟಾರ್ಚು ಹಾಕಬಾರದು. ಅವು ಜೋಡಿ ಹುಡುಕುವುದೇ ಆ ಬೆಳಕಿನಿಂದ. ಟ್ರೈಪಾಡಿನ ಮೇಲೆ ಕ್ಯಾಮರಾ ಇಟ್ಟು 20–30 ಸೆಕೆಂಡು ಶಟರ್ ತೆರೆದಿಟ್ಟರೆ ಸಾಕು.

ಆಶ್ವಯುಜದ ಹುಣ್ಣಿಮೆ ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿರುವ ಕಾಲ. ಭೂಮಿತಾಯಿ ಬಸುರಿ ಎಂದು ಬಯಕೆಯ ಊಟ ಬಡಿಸುವ ಹಬ್ಬ. ದೀವರ ಸಮುದಾಯದ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ರಾತ್ರಿಯಿಡೀ ಅಡುಗೆ, ಬೆಳಗಿನ ಜಾವ ಆ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಗೆ ಎಡೆ, ಚೆಲ್ಲುವುದು. ಬೆಳಕು ದೊಂದಿಯದ್ದೋ ಬ್ಯಾಟರಿಯದ್ದೋ ಅಷ್ಟೇ. ಇಲ್ಲಿ ಐಎಸ್‌ಒ ಏರಿಸಿ ಕಾಳುಕಾಳಾದ ಚಿತ್ರ ತೆಗೆಯುವುದೇ ಸರಿ, ಪೂಜೆಯ ನಡುವೆ ಫ್ಲ್ಯಾಶ್ ಹೊಡೆಯುವುದಲ್ಲ.

ದೀಪಾವಳಿ ಆಸುಪಾಸಿಗೆ ಅಡಿಕೆ ಕೊನೆ ಕೊಯ್ಲು ಬಿರುಸಾಗುತ್ತದೆ. ಮೇಲಿಂದ ಕೊನೆ ಹಗ್ಗದ ಮೇಲೆ ಜಾರಿ ಬರುತ್ತದೆ, ಕೆಳಗಿದ್ದವರು ಹಿಡಿಯುತ್ತಾರೆ. ರಾತ್ರಿ ಸುಲಿಯುವವರ ಸಾಲು, ಮಾತು, ನಗು. ಸುಲಿದ ಅಡಿಕೆ ಹಂಡೆಯಲ್ಲಿ ಬೆಂದು, ಚೊಗರಿನ ಬಣ್ಣ ಹಿಡಿದು, ಅಟ್ಟದ ಬಿಸಿಲಿನಲ್ಲಿ ಒಣಗಬೇಕು. ಒಣಗಿದ್ದು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಯಾಗಿ ಶಿವಮೊಗ್ಗ ಮಂಡಿಗೆ ಹೋಗುತ್ತದೆ. ಚಳಿಗಾಲದ ಇಳಿ ಬಿಸಿಲು ಒಲೆಯ ಹೊಗೆಯೊಳಗೆ ಓರೆಯಾಗಿ ಇಳಿಯುವಾಗ ಕೋಲು ಕೋಲಾಗಿ ಕಾಣುವ ಬೆಳಕನ್ನು ತೆಗೆಯಲು ಎಲ್ಲಿಗೂ ಹೋಗಬೇಕಿಲ್ಲ. ಮೂಡಿಗೆರೆಯ ತೋಟದಲ್ಲಿದ್ದುಕೊಂಡೇ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರ ತೆಗೆದದ್ದು ನಮ್ಮಂಥವರಿಗೆ ದೊಡ್ಡ ಧೈರ್ಯ.

ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ಕೊಪ್ಪದ ಕಡೆಯ ಕಾಫಿ ಗಿಡಗಳು ಬೆಳ್ಳಗಾಗುತ್ತವೆ. ಹೂವಿನ ಸೊಗಸು ಎರಡು ಮೂರು ದಿನದ್ದು. ಬೆಳೆಗಾರನಿಗೆ ಅದು ಮುಂದಿನ ಫಸಲಿನ ಅಂದಾಜು.

ಇಷ್ಟೆಲ್ಲ ತೆಗೆದು ಏನು ಉಪಯೋಗ? ತೋಟದ ಮೇಲಿನ ದರೆಯಲ್ಲಿ ಒಂದು ಕಲ್ಲಿದೆ. ಅದರ ಮೇಲೆ ನಿಂತು ಪ್ರತಿ ಮಳೆ ನಕ್ಷತ್ರಕ್ಕೂ ಒಂದು ಫೋಟೋ ತೆಗೆಯುತ್ತೇನೆ. ಅದೇ ಲೆನ್ಸು, ಅದೇ ಚೌಕಟ್ಟು. ಒಂಟಿಯಾಗಿ ನೋಡಿದರೆ ಸಪ್ಪೆ ಚಿತ್ರಗಳು. ಸಾಲಾಗಿ ಇಟ್ಟರೆ ಬೇರೆಯೇ ಕಥೆ. ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಗೆ ಹಬ್ಬಿದ ಎಲೆಚುಕ್ಕಿ ರೋಗ ನಮ್ಮ ತೋಟದ ಯಾವ ಮೂಲೆಯಿಂದ ಒಳಗೆ ಬಂತು, ಸೋಗೆ ಎಲ್ಲಿ ಮೊದಲು ಹಳದಿಯಾಯಿತು ಎಂಬುದು ಅದರಲ್ಲಿದೆ. ಡಿಜಿಟಲ್ ಚಿತ್ರದ ಜೊತೆ ತಾರೀಖು, ಗಂಟೆ ತಾನಾಗಿ ಉಳಿಯುವುದರಿಂದ "ಹೋದ ಸಲ ಮಳೆ ಬೇಗ ಬಂದಿತ್ತು" ಎಂಬ ಜಗಲಿ ವಾದಕ್ಕೆ ಸಾಕ್ಷಿಯೂ ಸಿಗುತ್ತದೆ. ಮರಗಳ ಚಿಗುರು, ಹೂ, ಕಾಯಿಯನ್ನು ಸಾಮಾನ್ಯ ಜನರೇ ದಾಖಲಿಸುವ ಸೀಸನ್‌ವಾಚ್‌ನಂಥ ಯೋಜನೆಗಳು ನಮ್ಮ ದೇಶದಲ್ಲಿವೆ. ಮನೆ ಮುಂದಿನ ಹಲಸಿನ ಮರದಿಂದಲೇ ಶುರು ಮಾಡಬಹುದು.

ಕೊನೆಗಾರನಿಗೆ ಅವನ ಫೋಟೋದ ಪ್ರಿಂಟ್ ಕೊಟ್ಟಾಗ ಅವನು ತನ್ನ ಮುಖದ ಕಡೆ ನೋಡಲಿಲ್ಲ. ಹಿಂದಿನ ಮರಕ್ಕೆ ಬೆರಳಿಟ್ಟು, "ಈ ಮರಕ್ಕೆ ಆಗಲೇ ಕೊಳೆ ಹತ್ತಿತ್ತು ನೋಡಿ" ಎಂದ. ಚಿತ್ರ ಓದುವುದೆಂದರೆ ಅದು.

ಮಲೆನಾಡಿಗೆ ಕ್ಯಾಮರಾ ತರುವವರು ಸೂರ್ಯಾಸ್ತ ಮುಗಿದ ಮೇಲೂ ಒಂದು ದಿನ ಉಳಿಯಿರಿ. ಗದ್ದೆಯಲ್ಲೋ ತೋಟದಲ್ಲೋ ಕೆಲಸ ನಡೆದಿದ್ದರೆ ಮೊದಲು ಮಾತಾಡಿಸಿ, ಒಪ್ಪಿದರೆ ಫೋಟೋ ತೆಗೆಯಿರಿ, ಆಮೇಲೆ ಒಂದು ಪ್ರಿಂಟ್ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಫೋನ್ ಕೆಟ್ಟ ದಿನ ಹೋಗುತ್ತದೆ. ಪ್ರಿಂಟ್ ಆದರೆ ಗೋಡೆಯಲ್ಲಿ ಉಳಿಯುತ್ತದೆ. ಹಿಂಬದಿಗೆ ತಾರೀಖು ಬರೆಯುವುದನ್ನು ಮಾತ್ರ ಬಿಡಬೇಡಿ.