ಹಾರ್ಟಿನ ತೂತು ಮುಚ್ಚಿದ ಮೇಲೂ ಎದೆ ಡವಡವ ಅಂದ್ರೆ?

ಇವತ್ತಿನ ಎಪಿಸೋಡ್ ಶುರುವಾಗಿದ್ದು ನಮ್ಮ ದೊಡ್ಡಮ್ಮನಿಂದ. 45ನೇ ವಯಸ್ಸಲ್ಲಿ ಅವರ ಹಾರ್ಟಿನ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದೆ ಅಂತ ಗೊತ್ತಾಯ್ತು. ಆಪರೇಷನ್ ಮಾಡಿ ಪ್ಯಾಚ್ ಹಾಕಿ ಮುಚ್ಚಿದ್ರು. ಮುಗೀತು ಅಂದ್ಕೊಂಡ್ವಿ. 10 ವರ್ಷದ ಮೇಲೆ ಒಂದು ರಾತ್ರಿ ಎದೆ ಡವಡವ. ನಾಡಿ ಹಿಡಿದರೆ ತಾಳವೇ ಇಲ್ಲ. ಇಸಿಜಿಯಲ್ಲಿ ಸಿಕ್ಕಿದ್ದು ಏಟ್ರಿಯಲ್ ಫಿಬ್ರಿಲೇಷನ್, ಅಂದ್ರೆ ಎಎಫ್. "ಹೊಲಿಗೆ ಬಿಟ್ಟೋಯ್ತೇನೋ?" ಅಂತ ದೊಡ್ಡಮ್ಮ ಹೆದರಿದ್ರು. ಹೊಲಿಗೆ ಗಟ್ಟಿಯಾಗೇ ಇತ್ತು.

ನಾನು ಬಿಕಾಂ ಓದಿದವಳು, ನನಗೆ ಇದು ಸಾಲದ ಲೆಕ್ಕದ ಥರ ಕಾಣುತ್ತೆ. ತೂತಿದ್ದಷ್ಟು ವರ್ಷ ಎಡಗಡೆಯ ರಕ್ತ ಬಲಗಡೆಗೆ ನುಗ್ಗಿ ಕೋಣೆ ಹಿಗ್ಗಿರುತ್ತೆ. ಮುಚ್ಚಿದ್ರೆ ಹೊಸ ಸಾಲ ನಿಲ್ಲುತ್ತೆ, ಅಲ್ಲೀತನಕ ಏರಿದ ಬಡ್ಡಿ ಉಳಿಯುತ್ತೆ. ಅದಕ್ಕೇ ಚಿಕ್ಕಂದಿನಲ್ಲೇ ಮುಚ್ಚಿಸಿಕೊಂಡವರಿಗಿಂತ 40 ದಾಟಿದ ಮೇಲೆ ಮುಚ್ಚಿಸಿಕೊಂಡವರಲ್ಲಿ ಎಎಫ್ ಜಾಸ್ತಿ. ಎದೆ ತೆರೆದು ಮಾಡಿದ ಆಪರೇಷನ್ ಆಗಿದ್ರೆ ಬಲಕೋಣೆಯಲ್ಲಿ ಕೊಯ್ದ ಕಲೆಯೂ ಇರುತ್ತೆ. ಹಾರ್ಟಿನ ಕರೆಂಟು ಅದರ ಸುತ್ತ ಗಿರಕಿ ಹೊಡೆದು ಫ್ಲಟರ್ ಅನ್ನೋ ಇನ್ನೊಂದು ಕಾಟ ಕೊಡಬಹುದು.

ಮಾತ್ರೆಗೆ ಬಗ್ಗದಿದ್ರೆ ಅಬ್ಲೇಷನ್. ಎಎಫ್‌ನ ಕಿಡಿ ಹೆಚ್ಚಾಗಿ ಹುಟ್ಟೋದು ಶ್ವಾಸಕೋಶದಿಂದ ಎಡಕೋಣೆಗೆ ರಕ್ತ ತರೋ ನಾಳಗಳಲ್ಲಿ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಶೆಲ್ ಹೈಸಾಗೆರ್ ತಂಡ ತೋರಿಸಿತು. ಆ ನಾಳಗಳ ಬಾಯಿ ಸುತ್ತ ಸುಟ್ಟು ಅಥವಾ ಹೆಪ್ಪುಗಟ್ಟಿಸಿ ಒಂದು ಬೇಲಿ ಹಾಕ್ತಾರೆ, ಕಿಡಿ ಒಳಗೆ ದಾಟಲ್ಲ.

ಆದರೆ ದಾರಿ? ತೊಡೆಸಂದಿನ ರಕ್ತನಾಳದಿಂದ ಹೋದ ಕ್ಯಾತಿಟರ್ ಸೇರೋದು ಬಲಕೋಣೆಗೆ. ಕೆಲಸ ಇರೋದು ಎಡಕೋಣೆಯಲ್ಲಿ. ನಡುವಿನ ಗೋಡೆಗೆ ಸೂಜಿ ಚುಚ್ಚಿ ದಾಟಬೇಕು. ಹೌದು, ಅದೇ ಗೋಡೆ, ಕಷ್ಟಪಟ್ಟು ಮುಚ್ಚಿದ್ದು!

ಏನಿಂದ ಮುಚ್ಚಿದ್ದಾರೆ ಅನ್ನೋದು ಇಲ್ಲಿ ಮುಖ್ಯ. ಹಾರ್ಟಿನ ಹೊರಪೊರೆಯ ತುಂಡೋ ಡ್ಯಾಕ್ರಾನ್ ಬಟ್ಟೆಯೋ ಆಗಿದ್ರೆ ಸಾಮಾನ್ಯವಾಗಿ ಚುಚ್ಚಬಹುದು. ಗೋರ್‌ಟೆಕ್ಸ್ ಆದ್ರೆ ಕಷ್ಟ. ಆಪರೇಷನ್ ಇಲ್ಲದೆ ಕೂರಿಸೋ ಲೋಹದ ಜಾಲರಿಯ ಡಿವೈಸ್ ಇದ್ರೆ, ಅದರ ಪಕ್ಕದಲ್ಲಿ, ಹೆಚ್ಚಾಗಿ ಕೆಳಗೆ ಹಿಂಭಾಗದಲ್ಲಿ, ಸ್ವಂತ ಗೋಡೆ ಉಳಿದಿದೆಯಾ ಅಂತ ಮೊದಲು ಹುಡುಕ್ತಾರೆ. ಹಾರ್ಟಿನೊಳಗೇ ಹೋಗೋ ಪುಟ್ಟ ಅಲ್ಟ್ರಾಸೌಂಡ್ ಇದಕ್ಕೆ ಕಣ್ಣು. ಜಾಗವೇ ಇಲ್ಲದಿದ್ರೆ ಜಾಲರಿಯನ್ನೇ ಚುಚ್ಚಿ, ಬಲೂನಿಂದ ಅಗಲ ಮಾಡಿ ನುಗ್ಗೋದು. ಅದು ಸಮಯ ತಿನ್ನೋ, ಪಳಗಿದ ಕೈಯೇ ಬೇಕಾದ ಕೆಲಸ. ಅದಕ್ಕೇ ತೂತು ಮುಚ್ಚೋಕೆ ಮೊದಲೇ ಎಎಫ್ ಇದ್ದವರು "ಅಬ್ಲೇಷನ್ ಮೊದಲು ಮಾಡಬಹುದಾ, ಇಲ್ಲ ಆಪರೇಷನ್ ಜೊತೆಗೇನಾ?" ಅಂತ ಡಾಕ್ಟರನ್ನ ಕೇಳಿಬಿಡಿ.

ಅಪಾಯವೇ ಇಲ್ಲ ಅಂತಲ್ಲ. ಹಾರ್ಟ್ ಸುತ್ತ ರಕ್ತ ಸೋರಬಹುದು, ಲಕ್ವ ಹೊಡೆಯಬಹುದು. ಅಪರೂಪ, ಆದ್ರೂ ಸಹಿ ಹಾಕೋ ಮುಂಚೆ ಕೇಳಬೇಕಾದ ಮಾತು. ಮೊದಲ ಎರಡು ಮೂರು ತಿಂಗಳು ತಾಳ ಮತ್ತೆ ತಪ್ಪಿದ್ರೆ ಸೋಲು ಅಂತ ತೀರ್ಮಾನಿಸಲ್ಲ. ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತೆ. ರಕ್ತ ತೆಳು ಮಾಡೋ ಮಾತ್ರೆಯನ್ನಂತೂ "ಈಗ ಆರಾಮಿದ್ದೀನಿ" ಅಂತ ನೀವಾಗಿ ನಿಲ್ಲಿಸಬೇಡಿ. ಅದು ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಆಗಿತ್ತಾ ಅನ್ನೋದರ ಮೇಲೆ ನಿರ್ಧಾರವಾಗುತ್ತೆ.

ದೊಡ್ಡಮ್ಮನ ಡಾಕ್ಟರ್ ಮೊದಲು ಕೇಳಿದ್ದು ಹಳೇ ಆಪರೇಷನ್ನಿನ ಕಾಗದ. ಎರಡು ದಿನ ಮನೆ ತಡಕಾಡಿದ್ವಿ. ಕೊನೆಗೆ ಟ್ರಂಕಿನಲ್ಲಿ, ಅಣ್ಣನ ಮದುವೆ ಪತ್ರಿಕೆಗಳ ಕೆಳಗೆ ಸಿಕ್ತು. ಪ್ಯಾಚ್ ಹೊರಪೊರೆಯದ್ದೇ ಆಗಿತ್ತು. ಈಗ ಅದರ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಪಿನ್ ಆಗಿದೆ.